ಕೆಲಸದ ಜಾಗದಲ್ಲಿ ಮದ್ಯ: ಕಾರ್ಮಿಕ ಕಾನೂನಿನ ವಕೀಲರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಶಿವಮೊಗ್ಗದ ಒಂದು ಎಂಜಿನಿಯರಿಂಗ್ ಘಟಕದ ಆಡಳಿತ ವಿಭಾಗದಿಂದ):

ನಮಸ್ಕಾರ ಸರ್. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಘಟಕದಲ್ಲಿ ಕಚೇರಿ ಮತ್ತು ಮೆಷಿನ್ ಶಾಪ್ ಸೇರಿ ಸುಮಾರು ನಲವತ್ತು ಜನ ಕೆಲಸ ಮಾಡುತ್ತೇವೆ. ನಮ್ಮ ಮಾಲೀಕರು ಇತ್ತೀಚೆಗೆ ಯುರೋಪಿನ ಗ್ರಾಹಕರ ಕಚೇರಿಗೆ ಹೋಗಿ ಬಂದವರು, ಅಲ್ಲಿ ಶುಕ್ರವಾರ ಸಂಜೆ ಎಲ್ಲರೂ ಕುಳಿತು ಬಿಯರ್ ಕುಡಿಯುವುದನ್ನು ನೋಡಿ, ಇಲ್ಲಿಯೂ ಕಚೇರಿಯ ಫ್ರಿಜ್‌ನಲ್ಲಿ ಬಿಯರ್ ಇಟ್ಟು ಶುಕ್ರವಾರ ನಾಲ್ಕು ಗಂಟೆಯ ನಂತರ ಕುಡಿಯಲು ಬಿಡೋಣವೆನ್ನುತ್ತಿದ್ದಾರೆ. ಆಯುಧಪೂಜೆಯ ಸಂಜೆ ಶೆಡ್ಡಿನಲ್ಲಿ ಪಾರ್ಟಿ ಮಾಡುವ ರೂಢಿಯಂತೂ ನಮ್ಮಲ್ಲಿ ಮೊದಲಿನಿಂದಲೂ ಇದೆ. ಇದು ಒಪ್ಪತಕ್ಕದ್ದೇ? ಬೇಡವೆಂದು ಹೇಳಲು ನನಗೆ ಕಾನೂನಿನ ಆಧಾರವೇನಾದರೂ ಇದೆಯೇ?

ಉತ್ತರ:

ನಮಸ್ಕಾರ ಮೇಡಂ. ಸರ್ಕಾರಿ ನೌಕರರಿಗಾದರೆ ಉತ್ತರ ಸುಲಭ. ಕೇಂದ್ರ ನೌಕರರ 1964ರ ನಡತೆ ನಿಯಮಗಳ 22ನೆಯ ನಿಯಮದ ಪ್ರಕಾರ ಕರ್ತವ್ಯದ ವೇಳೆಯಲ್ಲಿ ಅಮಲಿನಲ್ಲಿರುವುದೂ ಅಮಲೇರಿದ ಸ್ಥಿತಿಯಲ್ಲಿ ಸಾರ್ವಜನಿಕ ಸ್ಥಳದಲ್ಲಿ ಕಾಣಿಸಿಕೊಳ್ಳುವುದೂ ನಿಷಿದ್ಧ. ತಮ್ಮಂತಹ ಖಾಸಗಿ ಸಂಸ್ಥೆಯ ಕಚೇರಿಯೊಳಗೆ ವಯಸ್ಕರು ಮಾಲೀಕರ ಒಪ್ಪಿಗೆಯಿಂದ ಒಂದು ಲೋಟ ಬಿಯರ್ ಕುಡಿಯುವುದನ್ನೇ ಅಪರಾಧವೆಂದು ಹೇಳುವ ಕಾನೂನನ್ನು ನಾನು ತೋರಿಸಲಾರೆ. ಆದರೂ ಬೇಡವೆಂದೇ ನನ್ನ ಸಲಹೆ.

ಮೊದಲನೆಯ ಕಾರಣ ಶಿಸ್ತಿಗೆ ಸಂಬಂಧಿಸಿದ್ದು. ಶುಕ್ರವಾರ ನಾಲ್ಕಕ್ಕೆ ಕಚೇರಿಯಲ್ಲಿ ತಾನೇ ಬಾಟಲಿ ತೆರೆದುಕೊಟ್ಟ ಸಂಸ್ಥೆಯು ಮಂಗಳವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಒಂದು ನೈಂಟಿ ಹಾಕಿಕೊಂಡು ಲೇತ್ ಮುಂದೆ ನಿಂತ ಕೆಲಸಗಾರನ ಮೇಲೆ ದುರ್ನಡತೆಯ ಆರೋಪ ಹೊರಿಸಿದರೆ, ವಿಚಾರಣೆಯಲ್ಲಿ ಅವನ ಪರವಾಗಿ ಬರುವ ಮೊದಲ ಪ್ರಶ್ನೆಯೇ ಆ ಫ್ರಿಜ್ಜಿನದಾಗಿರುತ್ತದೆ. ಕಚೇರಿಯವರಿಗೆ ಒಂದು ನಿಯಮ, ಮೆಷಿನ್ ಶಾಪಿನವರಿಗೆ ಇನ್ನೊಂದು ಎಂಬುದು ಕಾಗದದ ಮೇಲೆ ಸಮರ್ಥನೀಯವೆನಿಸಬಹುದು, ಏಕೆಂದರೆ ಯಂತ್ರದ ಅಪಾಯ ಬೇರೆ, ಮೇಜಿನ ಅಪಾಯ ಬೇರೆ; ಆದರೆ ಒಂದೇ ಗೇಟಿನೊಳಗೆ ನಲವತ್ತೇ ಜನರಿರುವ ಘಟಕದಲ್ಲಿ ಆ ಭೇದವು ಆರು ತಿಂಗಳೂ ಬಾಳುವುದಿಲ್ಲ.

ಎರಡನೆಯದು ಅಪಘಾತ ಪರಿಹಾರ. 1923ರ ನೌಕರರ ಪರಿಹಾರ ಕಾಯ್ದೆಯಲ್ಲಿದ್ದು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದುಕೊಂಡಿರುವ ನಿಯಮವೊಂದಿದೆ: ಗಾಯವು ಕೆಲಸಗಾರನು ಆ ಹೊತ್ತಿನಲ್ಲಿ ಅಮಲಿನಲ್ಲಿದ್ದುದರಿಂದಲೇ ನೇರವಾಗಿ ಆದದ್ದಾದರೆ ಮಾಲೀಕನು ಪರಿಹಾರ ಕೊಡಬೇಕಿಲ್ಲ, ಆದರೆ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಉಂಟಾದರೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಎಂದರೆ, ಪ್ರೆಸ್ಸಿನಲ್ಲಿ ಎರಡು ಬೆರಳು ಕಳೆದುಕೊಂಡವನಿಗೆ ಏನೂ ಸಿಗದೆ ಹೋಗಬಹುದು, ಸತ್ತವನ ಕುಟುಂಬಕ್ಕೆ ಮಾತ್ರ ಅವನು ಕುಡಿದಿದ್ದರೂ ಕೊಡಲೇಬೇಕು. ಇಎಸ್ಐ, ಅಂದರೆ ನೌಕರರ ರಾಜ್ಯ ವಿಮೆಯ ವ್ಯಾಪ್ತಿಯಲ್ಲಿರುವವರ ವಿಷಯದಲ್ಲಿ ಈ ಹೊಣೆ ಆ ವಿಮಾ ನಿಗಮಕ್ಕೆ ಹೋಗುತ್ತದೆ. ಆ ವ್ಯಾಪ್ತಿಗೆ ಸೇರದವರು ತಮ್ಮಲ್ಲಿ ಯಾರಾದರೂ ಇದ್ದರೆ ಅವರ ಬಗ್ಗೆ ಮಾಲೀಕರಿಗೆ ಇದನ್ನು ಬರವಣಿಗೆಯಲ್ಲೇ ತಿಳಿಸಿ. ಸಂಸ್ಥೆಯೇ ಕೊಟ್ಟ ಬಿಯರ್ ಕುಡಿದು ಗಾಯಗೊಂಡವನಿಗೆ ‘ನೀನು ಕುಡಿದಿದ್ದೆ’ ಎಂದು ಪರಿಹಾರ ನಿರಾಕರಿಸುವ ಮಾಲೀಕರ ಪರವಾಗಿ ವಾದಿಸಲು ನನಗಂತೂ ಮನಸ್ಸು ಬಾರದು.

ಯುರೋಪಿನ ಮಾತು ಬಂದದ್ದರಿಂದ ಹೇಳುತ್ತೇನೆ. ಫ್ರಾನ್ಸಿನ ಕಾರ್ಮಿಕ ಸಂಹಿತೆಯು ಕೆಲಸದ ಜಾಗದಲ್ಲಿ ವೈನ್, ಬಿಯರ್ ಮತ್ತು ಸೇಬು, ಪಿಯರ್ ಹಣ್ಣುಗಳ ಹುಳಿಸಿದ ಪಾನೀಯಗಳನ್ನು ಬಿಟ್ಟು ಬೇರಾವ ಮದ್ಯಕ್ಕೂ ಅವಕಾಶ ಕೊಡುವುದಿಲ್ಲ, ಸುರಕ್ಷತೆಗೆ ಅಗತ್ಯವಾದರೆ ಅವನ್ನೂ ನಿರ್ಬಂಧಿಸಬಹುದೆಂದು 2014ರಿಂದ ಸ್ಪಷ್ಟವಾಗಿ ಹೇಳುತ್ತದೆ. ಮಧ್ಯಾಹ್ನದ ಕುಡಿತಕ್ಕೆ ಹೆಸರಾಗಿದ್ದ ಲಂಡನ್ನಿನ ವಿಮಾ ಸಂಸ್ಥೆ ಲಾಯ್ಡ್ಸ್, 2017ರಲ್ಲಿ ತನ್ನ ನೌಕರರು ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಕುಡಿಯಬಾರದೆಂದು ನಿಯಮ ಮಾಡಿತು. ಅವರು ಬಿಡುತ್ತಿರುವುದನ್ನು ನಾವು ಹಿಡಿಯಬೇಕಾದ ಅಗತ್ಯ ಕಾಣುವುದಿಲ್ಲ. ಅಲ್ಲದೆ, ಅಲ್ಲಿ ಬಿಯರ್ ಕುಡಿದವರಲ್ಲಿ ಹಲವರು ರೈಲಿನಲ್ಲೋ ಟ್ರಾಮಿನಲ್ಲೋ ಮನೆಗೆ ಹೋಗುತ್ತಾರೆ; ನಮ್ಮವರು ಬೈಕಿನಲ್ಲಿ ಭದ್ರಾವತಿಯ ರಸ್ತೆ ಹಿಡಿಯುತ್ತಾರೆ.

ಆಯುಧಪೂಜೆಯ ಪಾರ್ಟಿಯ ಬಗ್ಗೆ: ಸಮಾರಂಭದಲ್ಲಿ ಮದ್ಯ ಒದಗಿಸಲು ಅಬಕಾರಿ ಇಲಾಖೆಯು ಸಿಎಲ್-5 ಎಂಬ ತಾತ್ಕಾಲಿಕ ಸನ್ನದು ಕೊಡುತ್ತದೆ, ಆ ಬಗ್ಗೆ ಇಲಾಖೆಯಲ್ಲಿ ವಿಚಾರಿಸದೆ ಪೆಟ್ಟಿಗೆಗಟ್ಟಲೆ ತರಿಸಿ ಹಂಚಬೇಡಿ. ಇನ್ನೂ ಮುಖ್ಯವಾಗಿ, ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಲ್ಲಿ ‘ಕೆಲಸದ ಸ್ಥಳ’ ಎಂದರೆ ಕಚೇರಿಯ ನಾಲ್ಕು ಗೋಡೆಗಳಷ್ಟೇ ಅಲ್ಲ. ಕೆಲಸದ ನಿಮಿತ್ತ ಹೋದ ಜಾಗವೂ, ಮಾಲೀಕರು ಒದಗಿಸಿದ ವಾಹನವೂ ಅದರೊಳಗೆ ಬರುತ್ತವೆ. ಸಂಜೆ ಏಳರ ನಂತರ ಶೆಡ್ಡಿನಲ್ಲಿ ಯಾರೋ ಅಮಲಿನಲ್ಲಿ ಆಡಿದ ಮಾತಿನ ಬಗ್ಗೆ ಮಹಿಳಾ ಸಹೋದ್ಯೋಗಿಯೊಬ್ಬರು ದೂರು ಕೊಟ್ಟರೆ ‘ಅದು ಕೆಲಸದ ವೇಳೆಯಲ್ಲ’ ಎಂಬ ಸಮಜಾಯಿಷಿ ನಿಲ್ಲುವುದು ಕಷ್ಟ. ಹತ್ತು ಅಥವಾ ಹೆಚ್ಚು ನೌಕರರಿರುವುದರಿಂದ ತಮ್ಮಲ್ಲಿ ಆಂತರಿಕ ಸಮಿತಿ ಇರಲೇಬೇಕು. ಇಲ್ಲದಿದ್ದರೆ ಫ್ರಿಜ್ಜಿಗಿಂತ ಮೊದಲು ಅದಾಗಲಿ.

ಪ್ರಶ್ನೆ (ಫೌಂಡ್ರಿಯೊಂದರ ಸೂಪರ್‌ವೈಸರ್):

ಸರ್, ನಮ್ಮಲ್ಲಿ ಯಾರೂ ಕೆಲಸದ ವೇಳೆಯಲ್ಲಿ ಕುಡಿಯುವುದಿಲ್ಲ. ಆದರೆ ಬೆಳಿಗ್ಗೆ ಆರರ ಪಾಳಿಗೆ ಬರುವ ಕೆಲವರ ಬಾಯಲ್ಲಿ ವಾಸನೆ ಬರುತ್ತದೆ. ಕೇಳಿದರೆ ‘ರಾತ್ರಿದು ಸಾರ್, ಈಗ ಏನೂ ಇಲ್ಲ’ ಎನ್ನುತ್ತಾರೆ. ಕರಗಿದ ಕಬ್ಬಿಣದ ಹತ್ತಿರ ಇಂಥವರನ್ನು ನಿಲ್ಲಿಸುವುದು ಹೇಗೆ? ಮನೆಗೆ ಕಳುಹಿಸಿದರೆ ಯೂನಿಯನ್ನಿನವರು ಸಾಕ್ಷ್ಯ ಕೇಳುತ್ತಾರೆ.

ಉತ್ತರ:

ಮೇಲಿನ ಪ್ರಶ್ನೆಗಿಂತ ನಮ್ಮ ಜಿಲ್ಲೆಯಲ್ಲಿ ಹೆಚ್ಚು ಎದುರಾಗುವುದು ಇದೇ. ಲೆಕ್ಕವನ್ನು ಅಂದಾಜಿನಲ್ಲಿ ಹೇಳುತ್ತೇನೆ. 180 ಮಿಲಿ ಲೀಟರಿನ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. 70 ಕಿಲೋ ತೂಕದ ಗಂಡಸಿನ ರಕ್ತದಲ್ಲಿ ಅದು 100 ಮಿಲಿ ಲೀಟರಿಗೆ ಸುಮಾರು 125 ಮಿಲಿಗ್ರಾಂ ಮಟ್ಟಕ್ಕೆ ಏರಬಹುದು, ಗಂಟೆಗೆ 15ರ ಆಸುಪಾಸಿನಲ್ಲಿ ಇಳಿಯುತ್ತದೆ. ರಾತ್ರಿ ಹನ್ನೊಂದಕ್ಕೆ ಒಂದು ಕ್ವಾರ್ಟರ್ ಮುಗಿಸಿದವನ ರಕ್ತದಲ್ಲಿ ಬೆಳಿಗ್ಗೆ ಆರಕ್ಕೆ ಇನ್ನೂ 20 ಮಿಲಿಗ್ರಾಂ ಉಳಿದಿರಬಹುದು. ಎರಡು ಕ್ವಾರ್ಟರ್ ಮುಗಿಸಿದವನಲ್ಲಿ 140 ದಾಟಿರಬಹುದು. ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನ ಮಿತಿ 30. ಎಂದರೆ ‘ರಾತ್ರಿದು’ ಎಂಬ ಮಾತು ನಿಜವೇ ಇದ್ದರೂ ‘ಈಗ ಏನೂ ಇಲ್ಲ’ ಎಂಬುದು ನಿಜವಾಗಿರಬೇಕಿಲ್ಲ. ತಣ್ಣೀರು ಸ್ನಾನ, ಕಾಫಿ, ನಿಂಬೆಹಣ್ಣು ಇವು ಯಾವುವೂ ಇಳಿಕೆಯ ವೇಗವನ್ನು ಹೆಚ್ಚಿಸುವುದಿಲ್ಲ. ಸೋಗಾನೆಯ ನಮ್ಮ ವಿಮಾನ ನಿಲ್ದಾಣಕ್ಕೆ ಬಂದಿಳಿಯುವ ಪೈಲಟ್‌ಗಳಿಗೆ ಕೊನೆಯ ಗುಟುಕಿಗೂ ಹಾರಾಟಕ್ಕೂ ನಡುವೆ ಕನಿಷ್ಠ 12 ಗಂಟೆಗಳ ಅಂತರ ಕಡ್ಡಾಯವಾಗಿರುವುದು ಇದೇ ಕಾರಣಕ್ಕೆ. ಕುಲುಮೆಯ ಮುಂದೆ ನಿಲ್ಲುವವರಿಗೂ ಅಂಥದೊಂದು ನಿಯಮವನ್ನು ಸ್ಥಾಯಿ ಆದೇಶಗಳಲ್ಲೋ (ಸಂಸ್ಥೆಯ ಲಿಖಿತ ಸೇವಾ ನಿಯಮಗಳು) ನೇಮಕಾತಿ ಪತ್ರದಲ್ಲೋ ಬರೆದಿಡುವುದು ಅತಿಯಾಗದು.

ಸಾಕ್ಷ್ಯದ ವಿಷಯದಲ್ಲಿ ಯೂನಿಯನ್ನಿನವರು ಕೇಳುವುದು ಸರಿಯಾಗಿಯೇ ಇದೆ. ವಾಸನೆ, ತೂರಾಡುವ ನಡಿಗೆ, ತೊದಲು ಮಾತು ಇವುಗಳಿಂದ ಮಾತ್ರ ಒಬ್ಬನು ಕುಡಿದಿದ್ದನೆಂದು ಖಚಿತವಾಗಿ ತೀರ್ಮಾನಿಸಲಾಗದು, ಪರೀಕ್ಷೆ ಬೇಕಿತ್ತು ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 1971ರ ತೀರ್ಪೊಂದರಲ್ಲಿ ತಳೆದಿದೆ. ಅದು ವಾಹನ ಚಾಲನೆಯ ಪ್ರಕರಣವಾಗಿದ್ದರೂ ಶಿಸ್ತು ಕ್ರಮದ ಪ್ರಕರಣಗಳಲ್ಲೂ ಕೆಲಸಗಾರರ ಪರ ವಕೀಲರು ಅದನ್ನೇ ಎತ್ತುತ್ತಾರೆ. ಆದ್ದರಿಂದ ಉಸಿರಿನ ಪರೀಕ್ಷೆಯ ಉಪಕರಣ ಇಟ್ಟುಕೊಳ್ಳಿ, ಗೇಟಿನಲ್ಲಿ ಎಲ್ಲರಿಗೂ ಒಂದೇ ರೀತಿ ಪರೀಕ್ಷೆ ನಡೆಯಲಿ, ಮ್ಯಾನೇಜರರಿಗೂ ಸೇರಿಸಿ. ಅಂಕಿ ಬಂದರೆ ವೇಳೆ, ದಿನಾಂಕ ಬರೆದು ಇಬ್ಬರು ಸಾಕ್ಷಿಗಳ ಸಹಿ ಪಡೆಯಿರಿ. ಅವನು ಅಲ್ಲಗಳೆದರೆ ಒಪ್ಪಿಗೆ ಪಡೆದು ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ, ಒಪ್ಪದಿದ್ದರೆ ಒಪ್ಪಲಿಲ್ಲವೆಂಬುದನ್ನೇ ದಾಖಲಿಸಿ. ಮನೆಗೆ ಕಳುಹಿಸುವಾಗ ಅವನ ಬೈಕಿನ ಕೀಲಿಯನ್ನು ಅವನ ಕೈಗೇ ಕೊಟ್ಟು ಗೇಟು ದಾಟಿಸಬೇಡಿ, ಆಟೋ ಮಾಡಿಸಿ. ದಾರಿಯಲ್ಲಿ ಏನಾದರೂ ಆದರೆ, ಕುಡಿದಿದ್ದಾನೆಂದು ತಿಳಿದೂ ಹೊರಗೆ ಕಳುಹಿಸಿದ್ದೀರಿ ಎಂಬುದಕ್ಕೆ ತಮ್ಮದೇ ದಾಖಲೆ ಸಾಕ್ಷಿಯಾಗುತ್ತದೆ. ಆ ನಂತರ ಆಪಾದನಾ ಪತ್ರ, ವಿವರಣೆಗೆ ಅವಕಾಶ, ವಿಚಾರಣೆ ಎಲ್ಲವೂ ಕ್ರಮವಾಗಿ ಆಗಬೇಕು. ಮೊದಲ ಸಲಕ್ಕೇ ವಜಾ ಮಾಡಿದರೆ ಶಿಕ್ಷೆ ತಪ್ಪಿಗೆ ಮೀರಿದ್ದೆಂದು ಕಾರ್ಮಿಕ ನ್ಯಾಯಾಲಯವು ಕಡಿಮೆ ಮಾಡಬಲ್ಲದು.

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು):

ನಮ್ಮದು ಕಚೇರಿಯಲ್ಲ, ತೋಟ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮರ ಹತ್ತುವವರು, ಚಳಿಗೆ ಮೈ ಬೆಚ್ಚಗಾಗಲಿ ಎಂದು ಬೆಳಿಗ್ಗೆಯೇ ಸ್ವಲ್ಪ ಕೇಳುತ್ತಾರೆ. ಕೊಡದಿದ್ದರೆ ಮರುದಿನ ಬರುವುದಿಲ್ಲ. ಸಂಬಳದಲ್ಲಿ ಹಿಡಿದುಕೊಂಡು ಕೊಡಬಹುದೇ?

ಉತ್ತರ:

ಕೊಡಬೇಡಿ, ಸಂಬಳದಲ್ಲಿ ಹಿಡಿದಂತೂ ಕೊಡಲೇಬೇಡಿ. ವೇತನವನ್ನು ನಗದು, ಚೆಕ್ ಅಥವಾ ಬ್ಯಾಂಕಿನ ಮೂಲಕ ಕೊಡಬೇಕೆಂಬುದು 2019ರ ವೇತನ ಸಂಹಿತೆಯ ನಿಯಮ. ಬೆಚ್ಚಗಾಗುವುದೆಂಬುದು ಚರ್ಮದ ಕೆಳಗಿನ ರಕ್ತನಾಳಗಳು ಹಿಗ್ಗಿದ್ದರಿಂದಾಗುವ ಭ್ರಮೆ. ಅದೇ ದಾರಿಯಲ್ಲಿ ಒಳಗಿನ ಶಾಖ ಬೇಗ ಹೊರಗೆ ಹೋಗಿ, ನೆನೆದ ದೇಹ ಇನ್ನಷ್ಟು ತಣ್ಣಗಾಗುತ್ತದೆ. ಪಾಚಿ ಹಿಡಿದ ಮರದ ತುದಿಯಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ದಾಟುವವನಿಗೆ ಇದಕ್ಕಿಂತ ಕೆಟ್ಟ ಸಹಾಯ ಬೇರೆ ಇಲ್ಲ. ಕಾರ್ಮಿಕರ ಅಭಾವದ ಕಷ್ಟ ನನಗೆ ಅರ್ಥವಾಗುತ್ತದೆ. ಬಿಸಿ ಗಂಜಿ, ಒಣಗಿದ ಬಟ್ಟೆ, ಬಚ್ಚಲೊಲೆಯ ಮುಂದೆ ಕೂರಲು ಬಿಡುವು, ಜೊತೆಗೆ ಐವತ್ತು ರೂಪಾಯಿ ಹೆಚ್ಚಿನ ಕೂಲಿ ಕೊಟ್ಟು ನೋಡಿ. ಮರ ಹತ್ತುವವರಿಗೆ ಅಪಘಾತ ವಿಮೆ ಮಾಡಿಸಿದ್ದರೆ ಅದರ ಷರತ್ತುಗಳನ್ನೂ ಒಮ್ಮೆ ಓದಿ. ಅಮಲಿನಲ್ಲಿದ್ದಾಗ ಆದ ಗಾಯಕ್ಕೆ ಹಣವಿಲ್ಲವೆಂಬ ಷರತ್ತು ಇಂಥ ಪಾಲಿಸಿಗಳಲ್ಲಿ ಸಾಮಾನ್ಯ.

ಪ್ರಶ್ನೆ (ಮೊದಲು ಕೇಳಿದವರೇ):

ಧನ್ಯವಾದಗಳು ಸರ್. ಮಾಲೀಕರಿಗೆ ಇದನ್ನೇ ತೋರಿಸುತ್ತೇನೆ. ಇನ್ನೊಂದು ವಿಷಯ: ನಮ್ಮ ಹಿರಿಯ ಆಪರೇಟರ್ ಒಬ್ಬರು ದಿನವೂ ಕುಡಿಯುತ್ತಾರೆ, ಕೆಲಸ ಬಲ್ಲವರು, ಒಳ್ಳೆಯವರು. ‘ನಾಳೆಯಿಂದ ಪೂರ್ತಿ ಬಿಟ್ಟು ಬಾ, ಇಲ್ಲವಾದರೆ ಕೆಲಸ ಬಿಡು’ ಎಂದು ಮಾಲೀಕರು ಹೇಳಬೇಕೆಂದಿದ್ದಾರೆ.

ಉತ್ತರ:

ಆ ಮಾತು ಹೇಳುವುದನ್ನು ಒಂದೆರಡು ದಿನ ತಡೆಯಿರಿ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಹಠಾತ್ತನೆ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ನಡುಕ, ಭ್ರಮೆ, ಫಿಟ್ಸ್ ಕಾಣಿಸಿಕೊಳ್ಳಬಹುದು, ಚಿಕಿತ್ಸೆಯಿಲ್ಲದಿದ್ದರೆ ಜೀವಕ್ಕೂ ಅಪಾಯ. ನಾನು ವೈದ್ಯನಲ್ಲ, ಆದರೆ ಇಂಥ ಪ್ರಕರಣಗಳನ್ನು ನಡೆಸುವವರೆಲ್ಲರೂ ಇಷ್ಟನ್ನು ತಿಳಿದಿರಬೇಕು. ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಅವರನ್ನು ಮನೆಯವರ ಜೊತೆ ಕಳುಹಿಸಿ. ಅಲ್ಲಿಯವರೆಗೆ ಏನಾದರೂ ಕೇಳಬೇಕಿದ್ದರೆ 14446 ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ. ಮಾಲೀಕರಿಂದ ಪತ್ರ ಬರೆಸುವುದಾದರೆ ಅದರಲ್ಲಿ ಮೂರು ಮಾತುಗಳಿರಲಿ: ಚಿಕಿತ್ಸೆಯ ಅವಧಿಗೆ ಅವರ ಖಾತೆಯಲ್ಲಿರುವ ರಜೆ ಮಂಜೂರಾಗುತ್ತದೆ, ವೈದ್ಯರ ಪ್ರಮಾಣಪತ್ರ ತಂದ ಮೇಲೆ ಮೊದಲ ಕೆಲವು ವಾರ ಯಂತ್ರದ ಬದಲು ಸ್ಟೋರ್ಸ್‌ನಲ್ಲೋ ತಪಾಸಣೆಯಲ್ಲೋ ಕೆಲಸ ಕೊಡಲಾಗುತ್ತದೆ, ಮರಳಿದ ನಂತರ ಗೇಟಿನ ಪರೀಕ್ಷೆ ಎಲ್ಲರಂತೆ ಅವರಿಗೂ ಅನ್ವಯಿಸುತ್ತದೆ. ಪತ್ರದ ಕರಡನ್ನು ಕಳುಹಿಸಿದರೆ ನೋಡಿಕೊಡುತ್ತೇನೆ. ಅವರ ಹೆಸರನ್ನು ಮಾತ್ರ ಈ ಪ್ರಶ್ನೋತ್ತರದಲ್ಲಿ ಹಾಕಬೇಡಿ.