ಅಪ್‌ಡೇಟ್: ತೊರೆಯ ಲಾಗರ್ ಮಧ್ಯಾಹ್ನ ಜಾಸ್ತಿ ಬಿಸಿ ತೋರಿಸುತ್ತಿದ್ದುದಕ್ಕೆ ಕಾರಣ ಸಿಕ್ಕಿತು

ತೊರೆಯಲ್ಲಿಟ್ಟ ತಾಪಮಾನ ಲಾಗರ್ (ನೀರಿನ ತಾಪಮಾನವನ್ನು ತಾನೇ ಆಗಾಗ ಅಳೆದು ದಾಖಲಿಸುವ ಸಾಧನ) ಮಧ್ಯಾಹ್ನವಾದರೆ ಸಾಕು, ನೀರು ಒಂದೇ ಸಲ ಬಿಸಿಯಾದಂತೆ ತೋರಿಸುತ್ತಿದೆ ಎಂದು ಕೇಳಿದ್ದೆ. ಈಗ ಬಗೆಹರಿದಿದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಬ್ಯಾಟರಿ ಬದಲಿಸಿದ್ದರಿಂದ ಏನೂ ಆಗಲಿಲ್ಲ. ಐಸ್ ಪರೀಕ್ಷೆಯನ್ನೂ ಮಾಡಿದೆ. ಪುಡಿ ಐಸ್ ತುಂಬಿದ ಡಬ್ಬಕ್ಕೆ ಸ್ವಲ್ಪ ನೀರು ಹಾಕಿ, ಲಾಗರ್ ಮುಳುಗಿಸಿ, ಆಗಾಗ ಕಲಕುತ್ತಾ ಕಾದೆ. ಕರಗುತ್ತಿರುವ ಐಸ್ ಇರುವ ನೀರು 0 ಡಿಗ್ರಿ ಸೆಲ್ಸಿಯಸ್ ಇರಬೇಕು, ಲಾಗರ್ 0.1 ಡಿಗ್ರಿಗೆ ಬಂದು ನಿಂತಿತು. ಅಂದರೆ ಸೆನ್ಸರ್ ಸರಿಯಾಗಿಯೇ ಇತ್ತು. ಇದರಿಂದ ತೊಂದರೆ ಹೋಗಲಿಲ್ಲ, ಆದರೂ ಮೊದಲು ಇದನ್ನೇ ಮಾಡಿ. ಸುಮ್ನೆ ಸೆನ್ಸರ್ ಮೇಲೆ ಅನುಮಾನಪಡುವುದು ತಪ್ಪುತ್ತದೆ.

ಕೆಲಸಕ್ಕೆ ಬಂದದ್ದು ಲಾಗರ್‌ಗೆ ಬಿಸಿಲು ಬೀಳದಂತೆ ನೆರಳು ಮಾಡಿ ಎಂಬ ಸಲಹೆ. ಆಳವಿಲ್ಲದ ತಿಳಿನೀರಿನಲ್ಲಿ ಬಿಸಿಲು ತಳದವರೆಗೂ ಇಳಿಯುತ್ತದೆ. ಲಾಗರ್‌ನ ಕಪ್ಪು ಕವಚ ಆ ಬಿಸಿಲನ್ನು ಹೀರಿ, ಸುತ್ತಲಿನ ನೀರಿಗಿಂತ ಜಾಸ್ತಿ ಬಿಸಿಯಾಗುತ್ತಿತ್ತು. ಬಿಳಿ ಪಿವಿಸಿ ಪೈಪಿನ ತುಂಡಿಗೆ ಸುತ್ತಲೂ ತೂತು ಕೊರೆದು, ಲಾಗರ್ ಪೈಪಿನ ಗೋಡೆಗೆ ತಾಗದಂತೆ ಒಳಗೆ ಕಟ್ಟಿದೆ. ಮಧ್ಯಾಹ್ನದ ಚೂಪು ಏರಿಕೆ ಹೋಯಿತು. ಈಗ ಗ್ರಾಫ್ ನಿಧಾನವಾಗಿ ಏರಿ, ನಿಧಾನವಾಗಿ ಇಳಿಯುತ್ತದೆ. ತೂತುಗಳು ಸಾಕಷ್ಟಿರಲಿ, ಇಲ್ಲದಿದ್ದರೆ ಒಳಗೆ ನೀರು ನಿಂತುಬಿಡುತ್ತದೆ, ಹೂಳೂ ತುಂಬುತ್ತದೆ.

ನನಗೆ ತುಂಬಾ ಅಚ್ಚರಿ ತಂದದ್ದು ಬೇರೆ ವಿಷಯ. ಜಾಗ ಆರಿಸುವಾಗ ಕೈ ಥರ್ಮಾಮೀಟರ್ ಹಿಡಿದು ಈ ದಡದಿಂದ ಆ ದಡಕ್ಕೆ ಅಳೆಯುತ್ತಾ ಹೋದೆ. ಒಂದು ದಡದ ಬುಡದಲ್ಲಿ ನೀರು ಸುಮಾರು 3 ಡಿಗ್ರಿ ತಣ್ಣಗಿತ್ತು! ಅಲ್ಲಿ ಅಂತರ್ಜಲ ಒಸರುತ್ತಿದೆ. ಬಿಸಿಲು ಜೋರಾದಾಗ ತಣ್ಣೀರಿನ ಮೀನುಗಳಿಗೆ ಇಂಥ ಜಾಗಗಳೇ ಆಸರೆ, ಅಲ್ವಾ? ಆದರೆ ಇಡೀ ತೊರೆಯ ತಾಪಮಾನ ಬೇಕಿದ್ದರೆ ಲಾಗರ್ ಅಲ್ಲಿರಬಾರದು. ಹಾಗಾಗಿ ಮುಖ್ಯ ಲಾಗರನ್ನು ನೀರು ಚೆನ್ನಾಗಿ ಬೆರೆತು ಹರಿಯುವ ಕಡೆ ಇಟ್ಟಿದ್ದೇನೆ. ಒಸರಿನ ಹತ್ತಿರ ಇನ್ನೊಂದು ಇದೆ, ಅದರ ಲೆಕ್ಕ ಬೇರೆ.