ಆರು ಇಂಕ್‌ಗಳ ಇಂಕ್‌ಜೆಟ್ ಪ್ರಿಂಟರನ್ನು ಕಪ್ಪು-ಬಿಳುಪು ಚಿತ್ರಗಳಿಗೇ ಮೀಸಲಿಡುವುದು ಹೇಗೆ?

ಪ್ರಶ್ನೆ

ಬಣ್ಣದ ಮುದ್ರಣಕ್ಕೆ ಬೇರೊಂದು ಪ್ರಿಂಟರ್ ಬಂದ ಮೇಲೆ ನನ್ನ ಹಳೆಯ ಎಪ್ಸನ್ ಪ್ರಿಂಟರ್ ಬಳಕೆಯಿಲ್ಲದೆ ಕುಳಿತಿದೆ. ನಾನು ತೆಗೆಯುವ ಚಿತ್ರಗಳಲ್ಲಿ ಹೆಚ್ಚಿನವು ಕಪ್ಪು-ಬಿಳುಪಿನವು. ಆದರೆ ಇದರಲ್ಲಿ ಮುದ್ರಿಸಿದರೆ, ಹಗಲು ಬೆಳಕಿನಲ್ಲಿ ಸರಿಯಾಗಿ ಕಾಣುವ ಬೂದುಬಣ್ಣವು ರಾತ್ರಿ ದೀಪದ ಕೆಳಗೆ ಕೆಂಪಿಗೆ ತಿರುಗುತ್ತದೆ. ಕಪ್ಪು ಇಂಕನ್ನು ಮಾತ್ರ ಬಳಸುವಂತೆ ಡ್ರೈವರ್‌ನಲ್ಲಿ (ಪ್ರಿಂಟರನ್ನು ನಡೆಸುವ ತಂತ್ರಾಂಶದಲ್ಲಿ) ಆಯ್ಕೆ ಮಾಡಿದಾಗ ಆ ದೋಷ ಹೋಯಿತು, ಆದರೆ ಆಕಾಶ, ಚರ್ಮ ಮುಂತಾದ ತಿಳಿ ಭಾಗಗಳಲ್ಲಿ ಚುಕ್ಕೆಗಳು ಎದ್ದು ಕಂಡವು. ಬಣ್ಣದ ಇಂಕ್‌ಗಳ ಜಾಗದಲ್ಲೆಲ್ಲ ಬೂದು ಇಂಕ್‌ಗಳನ್ನೇ ತುಂಬಬಹುದೆಂದು ಓದಿದ್ದೇನೆ. ಇದನ್ನು ಮಾಡಿದವರು ಮೊದಲಿನಿಂದ ವಿವರಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ನೀವು ಕಂಡ ಎರಡು ದೋಷಗಳ ಮೂಲ ಒಂದೇ: ನಿಮ್ಮ ಪ್ರಿಂಟರ್‌ನಲ್ಲಿ ಬೂದು ಎಂಬ ಇಂಕೇ ಇಲ್ಲ. ಅದು ನೀಲಿ, ಕೆಂಪು, ಹಳದಿಗಳನ್ನು ಬೆರೆಸಿ ಬೂದುಬಣ್ಣದ ಭ್ರಮೆಯನ್ನು ಹುಟ್ಟಿಸುತ್ತದೆ, ಮತ್ತು ಬೆಳಕು ಬದಲಾದಂತೆ ಆ ಮಿಶ್ರಣದ ಸಮತೋಲ ತಪ್ಪುತ್ತದೆ. ಕಪ್ಪೊಂದನ್ನೇ ಬಳಸಿದರೆ ತಿಳಿ ಛಾಯೆಗಾಗಿ ಕಡುಗಪ್ಪು ಹನಿಗಳನ್ನು ದೂರದೂರ ಚಿಮುಕಿಸುವುದು ಅನಿವಾರ್ಯವಾಗುತ್ತದೆ. ಒಂದೇ ಕಾರ್ಬನ್ ಪಿಗ್ಮೆಂಟನ್ನು (ಇಂಗಾಲದ ಕಪ್ಪು ಬಣ್ಣದ ಪುಡಿಯನ್ನು) ಬೇರೆಬೇರೆ ಪ್ರಮಾಣದಲ್ಲಿ ತೆಳುವಾಗಿಸಿ ಆರೂ ಜಾಗಗಳಲ್ಲಿ ತುಂಬಿದರೆ, ತಿಳಿ ಭಾಗಗಳನ್ನು ತಿಳಿ ಇಂಕೇ ದಟ್ಟವಾಗಿ ಆವರಿಸುತ್ತದೆ. ಚುಕ್ಕೆ ಕಣ್ಣಿಗೆ ಸಿಗುವುದಿಲ್ಲ. ಕಾರ್ಬನ್ ಬೆಳಕಿಗೆ ಬಹುಕಾಲ ಮಾಸದೆ ಉಳಿಯುತ್ತದೆ ಎಂಬುದು ನನಗೆ ಇನ್ನೂ ದೊಡ್ಡ ಕಾರಣ. ಅದರ ಸಹಜ ಬಣ್ಣ ತುಸು ಕಂದು. ಅದು ಒಗ್ಗದವರು ಸ್ವಲ್ಪ ನೀಲಿ ಪಿಗ್ಮೆಂಟ್ ಬೆರೆಸಿದ ಇಂಕ್‌ಗಳನ್ನು ಆರಿಸಿಕೊಳ್ಳುತ್ತಾರೆ.

ಮೊದಲು ನಾಜಲ್ ಚೆಕ್ (ಇಂಕ್ ಚಿಮ್ಮುವ ಸೂಕ್ಷ್ಮ ರಂಧ್ರಗಳ ಪರೀಕ್ಷಾ ಮುದ್ರಣ) ಮಾಡಿ, ಆರೂ ಬಣ್ಣಗಳ ಗೆರೆಗಳು ತುಂಡಾಗದೆ ಬರುವುದನ್ನು ಖಚಿತಪಡಿಸಿಕೊಳ್ಳಿ. ಬೂದು ಇಂಕ್ ತುಂಬಿದ ಮೇಲೆ ಅತಿ ತಿಳಿಯಾದ ಇಂಕಿನ ಗೆರೆಗಳು ಕಾಗದದ ಮೇಲೆ ಕಾಣುವುದೇ ಕಷ್ಟ. ಆಗ ಕಟ್ಟಿಕೊಂಡ ರಂಧ್ರವನ್ನು ಪತ್ತೆಹಚ್ಚಲು ದಿನಗಳೇ ಹಿಡಿಯಬಹುದು. ಅನಂತರ ಮರುಪೂರಣದ ಕಾರ್ಟ್ರಿಜ್‌ಗಳಲ್ಲಿ ತೊಳೆಯುವ ದ್ರವ ತುಂಬಿ, ನಾಜಲ್ ಚೆಕ್‌ನಲ್ಲಿ ಬಣ್ಣ ಮಾಯವಾಗುವವರೆಗೆ ಹರಿಸಿ. ಯಾವ ಜಾಗಕ್ಕೆ ಎಷ್ಟನೆಯ ಬೂದು ಎಂಬ ಚೀಟಿಯನ್ನು ಕಾರ್ಟ್ರಿಜ್‌ಗೇ ಅಂಟಿಸಿ.

ಎಪ್ಸನ್ ಡ್ರೈವರ್‌ಗೆ ಒಳಗಿರುವುದು ಬೂದು ಇಂಕ್ ಎಂದು ತಿಳಿಯದು. ಆದ್ದರಿಂದ ಒಂದೊಂದು ಇಂಕನ್ನೂ ಪ್ರತ್ಯೇಕವಾಗಿ ನಿಯಂತ್ರಿಸುವ ಕ್ವಾಡ್‌ಟೋನ್‌ರಿಪ್‌ನಂಥ ತಂತ್ರಾಂಶ ಬೇಕು. ನಿಮ್ಮ ಮಾದರಿಗೆ ಅದರ ಬೆಂಬಲವಿದೆಯೇ ಎಂದು ಇಂಕ್ ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಎರಡನೆಯ ಉತ್ತರ

ಮೇಲಿನ ಉತ್ತರ ಸರಿ, ಆದರೆ ನಿಜವಾದ ಶ್ರಮ ಆರಂಭವಾಗುವುದು ಇಂಕ್ ತುಂಬಿದ ಮೇಲೆ. ಪ್ರತಿ ಬಗೆಯ ಕಾಗದಕ್ಕೂ ಒಂದು ಕರ್ವ್, ಅಂದರೆ ಯಾವ ಛಾಯೆಗೆ ಯಾವ ಇಂಕ್ ಎಷ್ಟು ಎಂದು ತಂತ್ರಾಂಶಕ್ಕೆ ತಿಳಿಸುವ ಕಡತ, ಬೇಕು. ಬಿಳಿಯಿಂದ ಕಪ್ಪಿನವರೆಗೆ 21 ಮೆಟ್ಟಿಲುಗಳ ಪಟ್ಟಿಯನ್ನು ಮುದ್ರಿಸಿ, ಒಂದು ದಿನ ಒಣಗಲು ಬಿಟ್ಟು, ಪ್ರತಿ ಮೆಟ್ಟಿಲನ್ನೂ ಸ್ಪೆಕ್ಟ್ರೋಫೋಟೋಮೀಟರ್ ಎಂಬ ಬಣ್ಣ ಅಳೆಯುವ ಉಪಕರಣದಿಂದ ಅಳೆದು, ಆ ಅಂಕಿಗಳನ್ನು ತಂತ್ರಾಂಶಕ್ಕೆ ಕೊಟ್ಟರೆ ಅದು ಮೆಟ್ಟಿಲುಗಳ ನಡುವಿನ ಅಂತರವನ್ನು ಸಮಗೊಳಿಸುತ್ತದೆ. ಉಪಕರಣವಿಲ್ಲದಿದ್ದರೆ, ಅಳತೆ ಗೊತ್ತಿರುವ ಬೂದುಪಟ್ಟಿಯೊಂದನ್ನು ಪಕ್ಕದಲ್ಲಿಟ್ಟು ಸ್ಕ್ಯಾನರ್‌ನಲ್ಲಿ ಹೋಲಿಸಬಹುದು. ಈ ಕೆಲಸವನ್ನು ಬಿಟ್ಟುಬಿಟ್ಟವರ ಮುದ್ರಣಗಳಲ್ಲಿ ನೆರಳುಗಳೆಲ್ಲ ಒಂದೇ ಕಪ್ಪಾಗಿ ಹೆಪ್ಪುಗಟ್ಟಿದ್ದನ್ನು ನಾನು ನೋಡಿದ್ದೇನೆ, ಅಷ್ಟು ಒಳ್ಳೆಯ ಇಂಕ್ ವ್ಯರ್ಥವಾಯಿತಲ್ಲ ಎಂದು ನಿಜಕ್ಕೂ ನೋವಾಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ತೊಳೆದು, ಇಂಕ್ ತುಂಬಿ, ಮ್ಯಾಟ್ (ಹೊಳಪಿಲ್ಲದ) ಕಾಗದದ ಮೇಲೆ ಪಟ್ಟಿ ಮುದ್ರಿಸಿದೆ. ತಿಳಿ ಭಾಗಗಳ ನಯ ಕಂಡು ಬಹಳ ಹೊತ್ತು ಕಾಗದವನ್ನು ಕೆಳಗಿಡಲಾಗಲಿಲ್ಲ. ಆದರೆ ಕೊನೆಯ ಎರಡು ಮೆಟ್ಟಿಲುಗಳು ಅವುಗಳ ಹಿಂದಿನದಕ್ಕಿಂತ ತಿಳಿಯಾಗಿ ಅಳತೆಗೆ ಸಿಗುತ್ತಿವೆ, ತಂತ್ರಾಂಶವು ಆ ಅಂಕಿಗಳನ್ನು ಸ್ವೀಕರಿಸುತ್ತಿಲ್ಲ. ಇದೇ ಇಂಕಿನಿಂದ ಹೊಳಪು ಕಾಗದದ ಮೇಲೆ ಮುದ್ರಿಸಬಹುದೇ ಎಂಬುದನ್ನೂ ತಿಳಿಸಿ.

ಎರಡನೆಯ ಉತ್ತರ ಬರೆದವರು

ಆ ಕಾಗದ ಹೀರಬಲ್ಲದ್ದಕ್ಕಿಂತ ಹೆಚ್ಚು ಕಪ್ಪು ಇಂಕ್ ಬೀಳುತ್ತಿದೆ. ಒಂದು ಮಿತಿಯ ಆಚೆ ಇಂಕ್ ಹೆಚ್ಚಿಸಿದರೆ ಮ್ಯಾಟ್ ಕಾಗದದಲ್ಲಿ ಕಪ್ಪು ಗಾಢವಾಗುವ ಬದಲು ತಿಳಿಯಾಗುವುದುಂಟು. ಕಪ್ಪು ಇಂಕಿನ ಮಿತಿಯನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತ, ಅಂಕಿಗಳು ಎಲ್ಲಿಯೂ ಹಿಂದಿರುಗದಂತಾಗುವವರೆಗೆ ಪಟ್ಟಿಯನ್ನು ಮತ್ತೆ ಮುದ್ರಿಸಿ. ಹೊಳಪು ಕಾಗದದ ಮೇಲೆ ಮ್ಯಾಟ್ ಕಪ್ಪು (ಮ್ಯಾಟ್ ಕಾಗದಕ್ಕೆಂದೇ ಇರುವ ಕಪ್ಪು ಇಂಕ್) ನಿಲ್ಲುವುದಿಲ್ಲ, ಬೆರಳಿಗೆ ಅಂಟಿ ಬರುತ್ತದೆ. ಅದಕ್ಕೆ ಫೋಟೋ ಕಪ್ಪು ಎಂಬ, ಹೊಳಪು ಕಾಗದಕ್ಕೆ ಹೊಂದುವ ಕಪ್ಪು ಇಂಕ್ ಬೇಕು. ಜೊತೆಗೆ, ಓರೆಯಾಗಿ ನೋಡಿದಾಗ ಕಾಣುವ ಕಂಚಿನ ಮಿನುಗನ್ನು ಮುಚ್ಚಲು ಪಾರದರ್ಶಕ ಲೇಪನವೂ ಬೇಕಾಗುತ್ತದೆ. ಸದ್ಯಕ್ಕೆ ಮ್ಯಾಟ್ ಕಾಗದದ ಕರ್ವನ್ನು ಪೂರ್ತಿಗೊಳಿಸಿ, ಹೊಸ ಅಂಕಿಗಳನ್ನು ಇಲ್ಲಿ ಹಾಕಿದರೆ ನೋಡುತ್ತೇನೆ.