ಮಿನಿ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಮಿಂಟ್: ಪರದೆ ಅಡ್ಡಡ್ಡ, ಟಚ್ ಎಲ್ಲೆಲ್ಲೋ

ಸಣ್ಣಪರದೆ ಕೇಳಿದ್ದು:

7 ಇಂಚಿನ ಮಿನಿ ಲ್ಯಾಪ್‌ಟಾಪ್, ಮಿಂಟ್ 22, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್. ಆನ್ ಮಾಡಿದ ಕ್ಷಣದಿಂದ ಎಲ್ಲವೂ ಎಡಕ್ಕೆ ಮಲಗಿಕೊಂಡೇ ಬರುತ್ತೆ: ಬೂಟ್ ಅಕ್ಷರಗಳು, ಲಾಗಿನ್, ಡೆಸ್ಕ್‌ಟಾಪ್. ಟರ್ಮಿನಲ್‌ನಲ್ಲಿ

ಎಕ್ಸ್‌ರ್ಯಾಂಡರ್ --ಔಟ್‌ಪುಟ್ ಡಿಎಸ್‌ಐ-1 --ರೊಟೇಟ್ ರೈಟ್

ಅಂತ ಕೊಟ್ಟರೆ (ಡಿಎಸ್‌ಐ-1 ಅನ್ನೋದು ನನ್ನ ಪರದೆಯ ಹೆಸರು) ಡೆಸ್ಕ್‌ಟಾಪ್ ನೆಟ್ಟಗಾಗುತ್ತೆ. ಆದರೆ ರೀಬೂಟ್ ಆದರೆ ಮತ್ತೆ ಅದೇ ಕಥೆ. ಜೊತೆಗೆ ಬೆರಳು ಇಟ್ಟಿದ್ದು ಒಂದು ಕಡೆ, ಕ್ಲಿಕ್ ಆಗೋದು ಇನ್ನೊಂದು ಕಡೆ. ಇದನ್ನು ಶಾಶ್ವತವಾಗಿ ಎಲ್ಲಿ ಬರೆದಿಡಬೇಕು?

ಟರ್ಮಿನಲ್‌ಭಟ್ಟ:

ಲ್ಯಾಪ್‌ಟಾಪ್ ಕೆಟ್ಟಿಲ್ಲ. ಇಂಥ ಪುಟ್ಟ ಯಂತ್ರಗಳಿಗೆ ಹೆಚ್ಚಾಗಿ ಟ್ಯಾಬ್ಲೆಟ್‌ಗೆಂದು ಮಾಡಿದ ಉದ್ದನೆಯ ಪ್ಯಾನೆಲ್ ಹಾಕಿರುತ್ತಾರೆ. ಹೊರಗಿನಿಂದ 1920×1200 ಅನ್ನಿಸಿದರೂ ಒಳಗೆ ಅದು 1200×1920. ಕರ್ನಲ್‌ನಲ್ಲಿ (ಲಿನಕ್ಸ್‌ನ ತಿರುಳು) ಇಂಥ ಯಂತ್ರಗಳ ಪಟ್ಟಿಯೇ ಇದೆ. ಜಿಪಿಡಿ ಪಾಕೆಟ್, ಸ್ಟೀಮ್ ಡೆಕ್ ಎರಡೂ ಅದರಲ್ಲಿವೆ. ಪಟ್ಟಿಯಲ್ಲಿ ಇಲ್ಲದ ಯಂತ್ರವಾದರೆ ನಾವೇ ಹೇಳಬೇಕು.

ಎಕ್ಸ್‌ರ್ಯಾಂಡರ್ ಬದಲಿಸೋದು ಆ ಹೊತ್ತಿನ ಡೆಸ್ಕ್‌ಟಾಪನ್ನು ಮಾತ್ರ. ಅದಕ್ಕೂ ಮೊದಲೇ ಕರ್ನಲ್‌ಗೆ ತಿಳಿಸಿ. ನೇರವಾಗಿ ಫೈಲ್‌ಗೆ ಬರೆಯಬೇಡಿ, ಒಂದು ಸಲ ಪರೀಕ್ಷಿಸಿ: ಗ್ರಬ್ ಮೆನುವಿನಲ್ಲಿ (ಲಿನಕ್ಸ್ ಶುರುವಾಗುವ ಮೊದಲು ಬರುವ ಮೆನು) ಇ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು

ವಿಡಿಯೋ=ಡಿಎಸ್‌ಐ-1:ಪ್ಯಾನೆಲ್_ಓರಿಯೆಂಟೇಶನ್=ರೈಟ್_ಸೈಡ್_ಅಪ್

ಸೇರಿಸಿ ಎಫ್10 ಒತ್ತಿ. ಬೂಟ್ ಅಕ್ಷರಗಳು ನೆಟ್ಟಗೆ ಬಂದರೆ ಸರಿ, ತಲೆಕೆಳಗಾದರೆ ಲೆಫ್ಟ್_ಸೈಡ್_ಅಪ್. ತಪ್ಪಾದರೂ ಭಯವಿಲ್ಲ, ಮುಂದಿನ ಬೂಟ್‌ಗೆ ಅಳಿಸಿಹೋಗುತ್ತೆ. ಸರಿಹೋದ ಮೇಲೆ ಅದನ್ನೇ /ಇಟಿಸಿ/ಡೀಫಾಲ್ಟ್/ಗ್ರಬ್ ಫೈಲಿನ ಗ್ರಬ್_ಸಿಎಂಡಿಲೈನ್_ಲಿನಕ್ಸ್_ಡೀಫಾಲ್ಟ್ ಸಾಲಿನಲ್ಲಿ, ಉದ್ಧರಣ ಚಿಹ್ನೆಗಳ ಒಳಗೆ ಹಾಕಿ ಸುಡೊ ಅಪ್‌ಡೇಟ್-ಗ್ರಬ್ ಕೊಡಿ. ಹಳೆಯ ಬ್ಲಾಗ್‌ಗಳಲ್ಲಿ ಕಾಣುವ ಎಫ್‌ಬಿಕಾನ್=ರೊಟೇಟ್:1 ಕಪ್ಪು ಕನ್ಸೋಲನ್ನಷ್ಟೇ ತಿರುಗಿಸುತ್ತೆ; ಪ್ಯಾನೆಲ್_ಓರಿಯೆಂಟೇಶನ್ ಇದ್ದರೆ ಅದು ಬೇಡ.

ಗ್ನೋಮ್, ಕೆಡಿಇ ಡೆಸ್ಕ್‌ಟಾಪ್‌ಗಳು ಕರ್ನಲ್‌ನ ಈ ಮಾತನ್ನು ತಾವೇ ಕೇಳಿಕೊಳ್ಳುತ್ತವೆ. ಎಕ್ಸ್‌ಎಫ್‌ಸಿಇ ಕೇಳೋದಿಲ್ಲ. ಹಾಗಾಗಿ /ಇಟಿಸಿ/ಎಕ್ಸ್11/ಎಕ್ಸ್‌ಆರ್ಗ್.ಕಾನ್ಫ್.ಡಿ ಫೋಲ್ಡರ್‌ನಲ್ಲಿ 30-ಪರದೆ.ಕಾನ್ಫ್ ಅಂತ ಫೈಲ್ ಮಾಡಿ (ಫೋಲ್ಡರ್ ಇಲ್ಲದಿದ್ದರೆ ಅದನ್ನೂ ಮಾಡಿ):

ಸೆಕ್ಷನ್ "ಮಾನಿಟರ್"
ಐಡೆಂಟಿಫೈಯರ್ "ಡಿಎಸ್‌ಐ-1"
ಆಪ್ಷನ್ "ರೊಟೇಟ್" "ರೈಟ್"
ಎಂಡ್‌ಸೆಕ್ಷನ್

ಐಡೆಂಟಿಫೈಯರ್ ಅಂದರೆ ಎಕ್ಸ್‌ರ್ಯಾಂಡರ್ ತೋರಿಸುವ ಹೆಸರೇ ಆಗಿರಬೇಕು. ಹಳೆಯ ಇಂಟೆಲ್ ಡ್ರೈವರ್ ಇದ್ದರೆ ಎಕ್ಸ್‌ನಲ್ಲಿ (ಪರದೆಗೆ ಚಿತ್ರ ಕಳಿಸುವ ಎಕ್ಸ್‌ಆರ್ಗ್) ಇಡಿಪಿ1, ಕರ್ನಲ್‌ನಲ್ಲಿ ಇಡಿಪಿ-1 ಅಂತ ಇರುತ್ತೆ. ಆ ಒಂದು ಅಡ್ಡಗೆರೆಗೆ ಅರ್ಧ ದಿನ ಹೋಗುತ್ತೆ. ಕರ್ನಲ್ ಇಟ್ಟ ಹೆಸರು ಬೇಕಾದರೆ /ಸಿಸ್/ಕ್ಲಾಸ್/ಡಿಆರ್‌ಎಂ ಒಳಗೆ ನೋಡಿ.

ಬೆಣ್ಣೆದೋಸೆ:

ಟಚ್ ವಿಷಯ ನಾನು ಹೇಳ್ತೀನಿ. ಚಿತ್ರ ತಿರುಗಿದರೂ ಟಚ್ ಚಿಪ್ ತನ್ನ ಹಳೆಯ ಲೆಕ್ಕದಲ್ಲೇ ಜಾಗ ಹೇಳುತ್ತಿರುತ್ತೆ. ರೈಟ್ ತಿರುಗಿಸಿದಾಗ ಹೊಸ ಎಕ್ಸ್ (ಅಡ್ಡ ಅಳತೆ) ಅಂದರೆ ಹಳೆಯ ವೈ (ಉದ್ದ ಅಳತೆ), ಹೊಸ ವೈ ಅಂದರೆ 1 ಕಳೆ ಹಳೆಯ ಎಕ್ಸ್. ಆ ಲೆಕ್ಕವನ್ನೇ ಒಂಬತ್ತು ಅಂಕಿಗಳಲ್ಲಿ ಬರೆಯೋದು:

ರೈಟ್: 0 1 0 -1 0 1 0 0 1
ಲೆಫ್ಟ್: 0 -1 1 1 0 0 0 0 1
ತಲೆಕೆಳಗು: -1 0 1 0 -1 1 0 0 1

ಈ ಅಂಕಿಗಳನ್ನು ಪ್ರತಿ ಸಲ ಕೊಡುವ ಎಕ್ಸ್‌ಇನ್‌ಪುಟ್ ಸೆಟ್-ಪ್ರಾಪ್ ಸ್ಕ್ರಿಪ್ಟ್ ಬೇಡ. ಅದರಲ್ಲಿ ಕೊಡುವ ಟಚ್‌ನ ಐಡಿ ಸಂಖ್ಯೆ ಬೂಟ್‌ನಿಂದ ಬೂಟ್‌ಗೆ ಬದಲಾಗಬಹುದು. ಸಸ್ಪೆಂಡ್‌ನಿಂದ ಎದ್ದಾಗ ಟಚ್ ಹೊಸದಾಗಿ ಜೋಡಣೆಯಾದರೆ ಸೆಟ್ಟಿಂಗ್ ಹಾರಿಹೋಗುತ್ತೆ. ಭಟ್ಟರು ಹೇಳಿದ ಫೈಲಿನ ಕೆಳಗೇ ಇದನ್ನೂ ಸೇರಿಸಿ:

ಸೆಕ್ಷನ್ "ಇನ್‌ಪುಟ್‌ಕ್ಲಾಸ್"
ಐಡೆಂಟಿಫೈಯರ್ "ಟಚ್"
ಮ್ಯಾಚ್‌ಈಸ್‌ಟಚ್‌ಸ್ಕ್ರೀನ್ "ಆನ್"
ಆಪ್ಷನ್ "ಟ್ರಾನ್ಸ್‌ಫರ್ಮೇಶನ್‌ಮ್ಯಾಟ್ರಿಕ್ಸ್" "0 1 0 -1 0 1 0 0 1"
ಎಂಡ್‌ಸೆಕ್ಷನ್

ಸಣ್ಣಪರದೆ:

ಬೂಟ್ ಅಕ್ಷರ, ಲಾಗಿನ್ ಎರಡೂ ನೆಟ್ಟಗಾದವು, ಥ್ಯಾಂಕ್ಸ್. ಪಾಸ್‌ವರ್ಡ್ ಹಾಕಿದ ಕೂಡಲೇ ಡೆಸ್ಕ್‌ಟಾಪ್ ಮತ್ತೆ ಅಡ್ಡ! ಕೈಯಾರೆ ತಿರುಗಿಸಿದರೆ ಟಚ್ ಈಗ ಪೂರ್ತಿ ಉಲ್ಟಾ: ಮೇಲೆ ಮುಟ್ಟಿದರೆ ಕೆಳಗೆ. ಗ್ರಬ್ ಮೆನು ಕೂಡ ಇನ್ನೂ ಮಲಗಿಯೇ ಇದೆ.

ಟರ್ಮಿನಲ್‌ಭಟ್ಟ:

ಡೆಸ್ಕ್‌ಟಾಪ್ ಅಡ್ಡವಾಗೋದು ಎಕ್ಸ್‌ಎಫ್‌ಸಿಇ ಹಳೆಯ ಪ್ರೊಫೈಲ್ ನೆನಪಿಟ್ಟುಕೊಂಡಿರೋದರಿಂದ. ಲಾಗಿನ್ ಆದ ಮೇಲೆ ಅದು ಎಕ್ಸ್‌ಆರ್ಗ್ ಫೈಲನ್ನೂ ಮೀರಿ ತನ್ನದನ್ನೇ ಹೇರುತ್ತೆ. ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ತೆರೆದು ರೊಟೇಶನ್ ರೈಟ್ ಮಾಡಿ ಅಪ್ಲೈ ಒತ್ತಿ, ಅಷ್ಟೇ.

ಬೆಣ್ಣೆದೋಸೆ:

ಟಚ್ ಪೂರ್ತಿ ಉಲ್ಟಾ ಅಂದರೆ 90 ಡಿಗ್ರಿ ಎರಡು ಸಲ ಬಿದ್ದಿದೆ. ಮೊದಲು ಎಲ್ಲಿಂದಲೋ ಯುಡೆವ್ ರೂಲ್ (ಸಾಧನ ಜೋಡಣೆಯಾದಾಗ ಓದುವ ಸೆಟ್ಟಿಂಗ್) ಕಾಪಿ ಮಾಡಿದ್ದಿರಾ? /ಇಟಿಸಿ/ಯುಡೆವ್/ರೂಲ್ಸ್.ಡಿ ಒಳಗೆ ಲಿಬ್‌ಇನ್‌ಪುಟ್_ಕ್ಯಾಲಿಬ್ರೇಶನ್_ಮ್ಯಾಟ್ರಿಕ್ಸ್ ಅನ್ನೋ ಸಾಲು ಹುಡುಕಿ (ಅದರಲ್ಲಿ ಒಂಬತ್ತಲ್ಲ, ಆರೇ ಅಂಕಿ). ಅದು ಡ್ರೈವರ್ ಮಟ್ಟದಲ್ಲಿ ತಿರುಗಿಸುತ್ತೆ, ನಮ್ಮದು ಎಕ್ಸ್ ಮಟ್ಟದಲ್ಲಿ. ಎರಡರಲ್ಲಿ ಒಂದನ್ನು ತೆಗೆದು ರೀಬೂಟ್ ಮಾಡಿ. ಮುಂದೆ ವೇಲ್ಯಾಂಡ್‌ಗೆ (ಎಕ್ಸ್ ಬದಲಿಗೆ ಬಂದ ಹೊಸ ವ್ಯವಸ್ಥೆ) ಹೋಗೋದಿದ್ದರೆ ಎಕ್ಸ್‌ಆರ್ಗ್ ಫೈಲುಗಳನ್ನೂ ಎಕ್ಸ್‌ರ್ಯಾಂಡರನ್ನೂ ಮರೆತುಬಿಡಿ, ಅಲ್ಲಿ ಅವಕ್ಕೆ ಕೆಲಸವಿಲ್ಲ. ಸ್ವೇ ಎಂಬ ವೇಲ್ಯಾಂಡ್ ಡೆಸ್ಕ್‌ಟಾಪ್ ಆದರೆ ಅದರ ಕಾನ್ಫಿಗ್‌ನಲ್ಲಿ ಔಟ್‌ಪುಟ್ ಡಿಎಸ್‌ಐ-1 ಟ್ರಾನ್ಸ್‌ಫಾರ್ಮ್ 90, ತಲೆಕೆಳಗಾದರೆ 270. ಟಚ್‌ಗೆ ಇನ್‌ಪುಟ್ ಟೈಪ್:ಟಚ್ ಮ್ಯಾಪ್_ಟು_ಔಟ್‌ಪುಟ್ ಡಿಎಸ್‌ಐ-1.

ಮೂಡಲಪಾಯ:

ಗ್ನೋಮ್‌ನವರಿಗೆ ಒಂದು ಮಾತು. ಪ್ಯಾನೆಲ್_ಓರಿಯೆಂಟೇಶನ್ ಹಾಕುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ಕೈಯಾರೆ ತಿರುಗಿಸಿದ್ದರೆ .ಕಾನ್ಫಿಗ್ ಫೋಲ್ಡರ್‌ನ ಮಾನಿಟರ್ಸ್.ಎಕ್ಸ್‌ಎಂಎಲ್ ಅಳಿಸಿ, ಇಲ್ಲದಿದ್ದರೆ ಹಳೆಯ ತಿರುವು ಹೊಸದರ ಮೇಲೆ ಕೂರುತ್ತೆ. ಲ್ಯಾಪ್‌ಟಾಪ್ ಎತ್ತಿ ಓರೆ ಮಾಡಿದಾಗ ಪರದೆ ತಪ್ಪು ಕಡೆ ತಿರುಗಿದರೆ ಅದು ಸೆನ್ಸರ್‌ನ ವಿಷಯ. ಐಐಒ-ಸೆನ್ಸರ್-ಪ್ರಾಕ್ಸಿ ಪ್ಯಾಕೇಜ್ ಹಾಕಿ ಮಾನಿಟರ್-ಸೆನ್ಸರ್ ಕಮಾಂಡ್ ಓಡಿಸಿ, ಯಾವ ಕಡೆ ಎತ್ತಿದರೆ ಏನು ಬರುತ್ತೆ ನೋಡಿ. ತಪ್ಪಿದ್ದರೆ /ಇಟಿಸಿ/ಯುಡೆವ್/ಎಚ್‌ಡಬ್ಲ್ಯುಡಿಬಿ.ಡಿ ಒಳಗೆ ಅಕ್ಸೆಲ್_ಮೌಂಟ್_ಮ್ಯಾಟ್ರಿಕ್ಸ್ ಬರೆಯಬೇಕು. ಆ ಸಾಲು ಒಂದು ಖಾಲಿ ಜಾಗದಿಂದ ಶುರುವಾಗದಿದ್ದರೆ ಅದಕ್ಕೆ ಬೆಲೆಯೇ ಇಲ್ಲ. ಆಮೇಲೆ ಸುಡೊ ಸಿಸ್ಟಮ್‌ಡಿ-ಎಚ್‌ಡಬ್ಲ್ಯುಡಿಬಿ ಅಪ್‌ಡೇಟ್, ರೀಬೂಟ್.

ಟರ್ಮಿನಲ್‌ಭಟ್ಟ:

ಗ್ರಬ್ ಮೆನು ಮರೆತಿದ್ದೆ. ಅದು ಕರ್ನಲ್‌ಗಿಂತ ಮೊದಲೇ ಬರೋದರಿಂದ ಮೇಲಿನ ಯಾವುದೂ ಅದಕ್ಕೆ ತಾಗೋದಿಲ್ಲ. ಅದೇ /ಇಟಿಸಿ/ಡೀಫಾಲ್ಟ್/ಗ್ರಬ್ ಫೈಲಿನಲ್ಲಿ ಗ್ರಬ್_ಟೈಮ್‌ಔಟ್_ಸ್ಟೈಲ್=ಹಿಡನ್ ಮಾಡಿ, ಮತ್ತೆ ಸುಡೊ ಅಪ್‌ಡೇಟ್-ಗ್ರಬ್ ಕೊಟ್ಟು ಅಡಗಿಸಿಬಿಡಿ. ಬೇಕಾದಾಗ ಬೂಟ್ ಹೊತ್ತಿಗೆ ಎಸ್ಕೇಪ್ ಒತ್ತಿ, ಕತ್ತು ಓರೆ ಮಾಡಿ ಓದಿಕೊಳ್ಳಿ.